ಕೊರಿಯಾ ದೇಶದ ಸುವರ್ಣಮುದ್ರಿಕಾ ಪ್ರಶಸ್ತಿ

ದಕ್ಷಿಣ ಕೊರಿಯಾ ದೇಶದಲ್ಲಿ ಲೋಕಪ್ರಿಯ ಗೀತಗಳ ಗಾಯಕರನ್ನು ಸನ್ಮಾನಿಸುವ ಮಹೋತ್ಸವಗಳು ವರ್ಷಕ್ಕೆ ಹಲವು ನಡೆಯುತ್ತವೆ. ಅವುಗಳಲ್ಲಿ ವಯಸ್ಸಿನಿಂದಲೂ ಗೌರವದಿಂದಲೂ ಮುಂದಿನ ಸಾಲಿನಲ್ಲಿ ನಿಲ್ಲತಕ್ಕದ್ದು 'ಗೋಲ್ಡನ್ ಡಿಸ್ಕ್' ಎಂಬುದು. ಕನ್ನಡದಲ್ಲಿ ಇದನ್ನು ಸುವರ್ಣಮುದ್ರಿಕೆ ಎನ್ನಬಹುದು. ೧೯೮೬ರಲ್ಲಿ ಹುಟ್ಟಿದ ಪ್ರಶಸ್ತಿಯೊಂದನ್ನು ಪುರಾತನವೆಂದು ಕರೆದರೆ ವಾಚಕರು ನಕ್ಕಾರು. ಆದರೆ ಆ ಗಾನಪ್ರಪಂಚದಲ್ಲಿ ಹತ್ತು ವರ್ಷ ನಿಂತ ಗಾಯಕನೇ ಹಿರಿಯನೆನಿಸಿಕೊಳ್ಳುವುದರಿಂದ, ನಾಲ್ಕು ದಶಕ ಬಾಳಿದ ಪ್ರಶಸ್ತಿಯು ಅಲ್ಲಿ ವೃದ್ಧವೇ ಸರಿ. ಗೆದ್ದವರ ಕೈಗೆ ಬರುವ ಪ್ರತಿಮೆಯು ಕೊರಿಯಾದ ಸಾಂಪ್ರದಾಯಿಕ ಸುಷಿರವಾದ್ಯವೊಂದನ್ನು ನುಡಿಸುತ್ತಿರುವ ಸ್ತ್ರೀಯ ಆಕೃತಿಯಾಗಿದೆ. ಪ್ರಶಸ್ತಿಯ ಹೆಸರು ಇಂಗ್ಲಿಷು; ಹಾಡುಗಳ ಮೈಕಟ್ಟು ಬಹುಮಟ್ಟಿಗೆ ಅಮೆರಿಕದಿಂದ ಬಂದದ್ದು; ಕೈಯಲ್ಲಿ ಹಿಡಿದ ಬೊಂಬೆ ಮಾತ್ರ ದೇಶೀಯವಾದದ್ದು.

ಮುಂದಿನ ವಿಷಯಕ್ಕೆ ಅನುಕೂಲವಾಗುವಂತೆ ಅಲ್ಲಿಯ ಕೆಲವು ಶಬ್ದಗಳನ್ನು ಇಲ್ಲಿಯೇ ತಿಳಿಸಬೇಕಾಗಿದೆ. ವರ್ಷದ ಪರಮಪ್ರಶಸ್ತಿಗೆ 'ದೇಸಾಂಗ್' ಎಂದೂ, ಅದಕ್ಕಿಂತ ಕೆಳಗಿನ, ಹಲವರಿಗೆ ಸಲ್ಲುವ ಮುಖ್ಯಪ್ರಶಸ್ತಿಗೆ 'ಬೋನ್‌ಸಾಂಗ್' ಎಂದೂ, ಹೊಸಬರ ಪ್ರಶಸ್ತಿಗೆ 'ಶಿನಿನ್‌ಸಾಂಗ್' ಎಂದೂ ಹೆಸರು. 'ಸಾಂಗ್' ಎಂದರೆ ಬಹುಮಾನ; ಹಾಡೆಂಬ ಅರ್ಥದ ಇಂಗ್ಲಿಷ್ ಶಬ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. 'ದೇ' ಎಂದರೆ ದೊಡ್ಡದು, 'ಶಿನಿನ್' ಎಂದರೆ ಹೊಸ ಮನುಷ್ಯ. ಇವೆಲ್ಲವೂ ಚೀನೀ ಮೂಲದವು. ಕನ್ನಡಕ್ಕೆ ಸಂಸ್ಕೃತವು ಹೇಗೋ ಕೊರಿಯಾದ ನುಡಿಗೆ ಚೀನೀ ಭಾಷೆಯು ಹಾಗೆ. ಸಭೆ, ಶಾಸ್ತ್ರ, ಬಿರುದುಗಳ ಮಾತೆಲ್ಲ ಅಲ್ಲಿಂದಲೇ ಇಳಿದು ಬಂದದ್ದು. ಹಾಡಿಗೆ 'ನೊರೇ' ಎಂಬ ಅಪ್ಪಟ ದೇಶ್ಯಶಬ್ದವು ಮನೆಮನೆಯಲ್ಲಿಯೂ ಬಳಕೆಯಲ್ಲಿದ್ದರೂ, ಪ್ರಶಸ್ತಿಯ ಪ್ರಸ್ತಾಪ ಬಂದೊಡನೆ ಅದು ಹಿಂದೆ ಸರಿದು 'ಕಯೊ' ಎಂಬ ತತ್ಸಮವು ಪೀಠವನ್ನೇರುತ್ತದೆ.

ಒಂದು ಹಾಡು ಇನ್ನೊಂದಕ್ಕಿಂತ ಹಿರಿದೆಂದು ಹೇಳುವ ಅಧಿಕಾರವು ಯಾರದು? ಆಳುವವರದೋ, ಅಂಗಡಿಯ ಲೆಕ್ಕಿಗನದೋ, ಮೆಚ್ಚಿ ಮತ ಹಾಕುವ ಅಭಿಮಾನಿಯದೋ, ಕೇಳಬಲ್ಲವರದೋ? ಕೊರಿಯಾದ ಗೀತಪುರಸ್ಕಾರಗಳ ಚರಿತ್ರೆಯೆಲ್ಲವೂ ಈ ನಾಲ್ವರ ವ್ಯಾಜ್ಯದ ಚರಿತ್ರೆಯೇ ಆಗಿದೆ. ವ್ಯಾಜ್ಯವು ಇನ್ನೂ ತೀರಿಲ್ಲ.

ಈ ಅಳತೆಯ ಅಭ್ಯಾಸವು ಸುವರ್ಣಮುದ್ರಿಕೆಗಿಂತ ಹಳೆಯದು. ೧೯೫೦ರಿಂದ ೧೯೫೩ರವರೆಗೆ ನಡೆದ ಯುದ್ಧದ ತರುವಾಯ ದಕ್ಷಿಣದಲ್ಲಿ ಅಮೆರಿಕದ ಎಂಟನೆಯ ಸೇನೆಯು ಬೀಡುಬಿಟ್ಟಿತು. ಸೈನಿಕರ ವಿನೋದಕ್ಕಾಗಿ ಅವರ ಬೀಡುಗಳಲ್ಲಿ ಹಾಡುವವರೂ ಬಾರಿಸುವವರೂ ಬೇಕಾದರು. ಸುಟ್ಟುಹೋದ ದೇಶದಲ್ಲಿ ಕಲಾವಿದನಿಗೆ ಎರಡು ಹೊತ್ತಿನ ಅನ್ನ ದೊರೆಯುತ್ತಿದ್ದ ಸ್ಥಳಗಳಲ್ಲಿ ಅದೂ ಒಂದು. ಆದರೆ ಅಲ್ಲಿಗೆ ಸೇರಬೇಕಾದರೆ ಪರೀಕ್ಷೆಯನ್ನು ಕೊಡಬೇಕಾಗಿತ್ತು. ಪರೀಕ್ಷಕರು ಹಾಡುವವರನ್ನು ಶಾಲೆಯ ಮಕ್ಕಳಂತೆ ದರ್ಜೆಗಳಾಗಿ ವಿಂಗಡಿಸುತ್ತಿದ್ದರು, ದರ್ಜೆಯಂತೆ ಸಂಬಳ. ಪರೀಕ್ಷೆಯು ಒಮ್ಮೆಗೆ ಮುಗಿಯುತ್ತಿರಲಿಲ್ಲ. ನಿಯತಕಾಲಕ್ಕೆ ಮರಳಿ ಮರಳಿ ಬರುತ್ತಿತ್ತು. ತಾವು ಬೆಳೆದ ಹಾಡುಗಳನ್ನು ಬಿಟ್ಟು, ಬಾರದ ಭಾಷೆಯ ಹಾಡುಗಳನ್ನು ಕಂಠಪಾಠ ಮಾಡಿ, ಪರದೇಶದವರ ಮೆಚ್ಚುಗೆಗೆ ಕಾದು ನಿಂತ ಆ ತಲೆಮಾರಿನಿಂದಲೇ ಆಧುನಿಕ ಕೊರಿಯಾದ ಗಾನವು ಹುಟ್ಟಿತು. ಗಿಟಾರು ವಾದಕನೂ ಗೀತಕಾರನೂ ಆದ ಶಿನ್ ಜುಂಗ್‌ಹ್ಯೊನ್, ಗಾಯಕಿ ಪ್ಯಾಟಿ ಕಿಮ್, ಗಾಯಕ ಚೊಯ್ ಹೀಜುನ್ ಇವರೆಲ್ಲರೂ ಆ ಗರಡಿಯಲ್ಲಿ ಪಳಗಿದವರು.

ಇವರಲ್ಲಿ ಚೊಯ್ ಹೀಜುನನು ನ್ಯಾಯಶಾಸ್ತ್ರವನ್ನೋದಿದವನು. ವಕೀಲನಾಗಬೇಕಾದವನು ಹಾಡುಗಾರನಾದನು. ೧೯೬೬ರಲ್ಲಿ ಎಂ.ಬಿ.ಸಿ. ಎಂಬ ಪ್ರಸಾರ ಸಂಸ್ಥೆಯು ವರ್ಷದ ಹತ್ತು ಮಂದಿ ಗಾಯಕರನ್ನು ಆರಿಸಿ, ಅವರಲ್ಲೊಬ್ಬನನ್ನು 'ಗಾಯಕರಾಜ'ನೆಂದು ಸಾರುವ ಪದ್ಧತಿಯನ್ನು ಆರಂಭಿಸಿದಾಗ ಮೊದಲನೆಯ ಪಟ್ಟವು ಈತನಿಗೇ ಬಂದಿತು. ಆ ಸಂಸ್ಥೆಯ ದೂರದರ್ಶನವು ಆರಂಭವಾದುದು ೧೯೬೯ರಲ್ಲಿ. ಅದು ಕಾರಣ ಮೊದಲ ವರ್ಷಗಳ ಪಟ್ಟಾಭಿಷೇಕವು ಬರಿಯ ಕಿವಿಯ ಹಬ್ಬವಾಗಿತ್ತು. ಕ್ರಮೇಣ ಡಿಸೆಂಬರ್ ತಿಂಗಳ ಕೊನೆಯ ರಾತ್ರಿ ಮನೆಮಂದಿಯೆಲ್ಲರೂ ಒಂದೆಡೆ ಕುಳಿತು ಗಾಯಕರಾಜನು ಯಾರೆಂದು ಕೇಳಿ, ಆ ಬಳಿಕ ಹೊಸ ವರ್ಷವನ್ನು ಕಾಣುವುದು ಆ ದೇಶದಲ್ಲಿ ವಾಡಿಕೆಯಾಯಿತು.

ಇತ್ತ ಆಳುವವರೂ ಗಾನವನ್ನು ಅಳೆಯುತ್ತಿದ್ದರು. ಅವರ ಮಾನದಂಡವು ಬೇರೆ. ಸೇನಾಧಿಪತಿ ಪಾಕ್ ಚುಂಗ್‌ಹೀ ೧೯೬೧ರಲ್ಲಿ ಅಧಿಕಾರವನ್ನು ಕೈಗೆ ತೆಗೆದುಕೊಂಡು ೧೯೭೯ರವರೆಗೆ ಆಳಿದನು. ಆತನ ಕಾಲದಲ್ಲಿ, ೧೯೭೫ರ ಒಂದೇ ವರ್ಷ ಇನ್ನೂರಕ್ಕೂ ಮೀರಿದ ಹಾಡುಗಳು ನಿಷಿದ್ಧವಾದವು. ಅವುಗಳಲ್ಲಿ ಕಿಮ್ ಮಿನ್‌ಕಿ ಎಂಬ ತರುಣನು ರಚಿಸಿ ೧೯೭೧ರಲ್ಲಿ ಮುದ್ರಿಕೆಯಾಗಿ ಹೊರಬಂದಿದ್ದ 'ಮುಂಜಾನೆಯ ಇಬ್ಬನಿ' ಎಂಬ ಅರ್ಥದ ಗೀತವೂ ಒಂದು. ೧೯೭೩ರಲ್ಲಿ ಇದೇ ಗೀತಕ್ಕೆ ಸದಭಿರುಚಿಯ ಹಾಡೆಂದು ಸರ್ಕಾರದ ಕಡೆಯಿಂದಲೇ ಬಹುಮಾನವು ಸಂದಿತ್ತು. ಎರಡು ವರ್ಷಗಳಲ್ಲಿ ಹಾಡಿನ ಒಂದಕ್ಷರವೂ ಬದಲಾಗಿರಲಿಲ್ಲ. ವಿದ್ಯಾರ್ಥಿಗಳು ಅದನ್ನು ಮೆರವಣಿಗೆಗಳಲ್ಲಿ ಹಾಡತೊಡಗಿದ್ದರು, ಅಷ್ಟೇ. ಹಾಡಿನ ಬೆಲೆಯು ಹಾಡಿನಲ್ಲಿಯೇ ಇದೆಯೆಂದು ನಂಬುವವರಿಗೆ ಈ ಪ್ರಕರಣವು ಉತ್ತರ ಕೊಡಲಾಗದ ಪ್ರಶ್ನೆಯಾಗಿ ನಿಲ್ಲುತ್ತದೆ. ನಿಷೇಧವು ತೊಲಗಿದ್ದು ೧೯೮೭ರಲ್ಲಿ, ಜನರು ಬೀದಿಗಿಳಿದು ಚುನಾವಣೆಯ ಹಕ್ಕನ್ನು ಪಡೆದ ವರ್ಷ. ಶಿನ್ ಜುಂಗ್‌ಹ್ಯೊನನಿಗಾದರೋ ೧೯೭೫ರಲ್ಲಿ ಸೆರೆಮನೆಯೇ ಪ್ರಾಪ್ತವಾಯಿತು. ಹೊರಗೆ ಹೇಳಿದ ಕಾರಣವು ಗಾಂಜಾ. ಆದರೆ ಅದಕ್ಕೆ ಮೊದಲೇ ರಾಷ್ಟ್ರಾಧ್ಯಕ್ಷನನ್ನು ಹೊಗಳುವ ಹಾಡನ್ನು ಕಟ್ಟಿಕೊಡಲು ತಾನು ನಿರಾಕರಿಸಿದ್ದುದಾಗಿ ಆತನು ಮುಂದೆ ಹೇಳಿಕೊಂಡಿರುವನು.

ಇನ್ನೊಂದು ವಿಚಿತ್ರವೂ ಇತ್ತು. ಸುಮಾರು ಹತ್ತು ವರ್ಷಗಳ ಕಾಲ, ಹೊರಬರುವ ಪ್ರತಿಯೊಂದು ಧ್ವನಿಮುದ್ರಿಕೆಯಲ್ಲಿಯೂ 'ಆರೋಗ್ಯಕರ ಗೀತ'ವೆಂಬುದೊಂದನ್ನು ಸೇರಿಸಲೇಬೇಕೆಂದು ನಿಯಮವಿತ್ತು. ವಿರಹದ ಹಾಡುಗಳು ಒಂಬತ್ತಿದ್ದರೆ ಕೊನೆಯಲ್ಲಿ ದೇಶಸೇವೆಯ ಹಾಡು ಒಂದು. ಕೇಳುವವರು ಆ ಕೊನೆಯ ಹಾಡು ಬರುವ ಮೊದಲೇ ಮುಳ್ಳನ್ನೆತ್ತುತ್ತಿದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂತಹ ಕಾಲದಲ್ಲಿಯೇ, ೧೯೮೬ರಲ್ಲಿ, 'ಕೊರಿಯಾ ಗಣರಾಜ್ಯದ ದೃಶ್ಯ ಹಾಗೂ ಧ್ವನಿಮುದ್ರಿಕಾ ಮಹಾಪ್ರಶಸ್ತಿ' ಎಂಬ ಉದ್ದನೆಯ ಹೆಸರಿನಿಂದ ಸುವರ್ಣಮುದ್ರಿಕೆಯು ಜನಿಸಿತು. ಅದನ್ನು ಹುಟ್ಟಿಸಿದವರು ಸಂಗೀತಗಾರರಲ್ಲ, ವಿದ್ಯಾಪೀಠದವರೂ ಅಲ್ಲ. ೧೯೬೯ರಿಂದ ನಡೆಯುತ್ತಿದ್ದ 'ಇಲ್ಗಾನ್ ಸ್ಪೋರ್ಟ್ಸ್' ಎಂಬ ಆಟಪಾಟಗಳ ದಿನಪತ್ರಿಕೆಯವರು. ಚೆಂಡಾಟದಲ್ಲಿ ಗೆದ್ದವರ ಅಂಕಗಳನ್ನು ಅಚ್ಚುಹಾಕಿ ಅಭ್ಯಾಸವಾದವರಿಗೆ ಹಾಡಿನಲ್ಲಿಯೂ ಅಂಕಗಳನ್ನು ಹುಡುಕುವ ಬುದ್ಧಿ ಬಂದುದು ಸಹಜವೇ. ಎಷ್ಟು ಮುದ್ರಿಕೆಗಳು ಮಾರಾಟವಾದವೆಂಬುದೇ ಇಲ್ಲಿ ಮುಖ್ಯವಾದ ಆಧಾರ. ತೀರ್ಪುಗಾರರ ಅಭಿಪ್ರಾಯಕ್ಕೂ ಒಂದು ಪಾಲು ಇಟ್ಟಿದ್ದರು. ೧೯೯೦ರಲ್ಲಿ ಇನ್ನೊಂದು ಆಟಪಾಟಗಳ ಪತ್ರಿಕೆಯಾದ 'ಸ್ಪೋರ್ಟ್ಸ್ ಸೋಲ್' ತನ್ನದೇ ಆದ ಗೀತಪ್ರಶಸ್ತಿಯನ್ನು ಹೂಡಿತು.

ಮಾರಾಟದ ಲೆಕ್ಕವೆಂಬುದನ್ನು ಇಂದಿನವರು ಹೀಗಳೆಯಬಹುದು. ಆದರೆ ಆ ಕಾಲದ ಸಂದರ್ಭದಲ್ಲಿ ಅದಕ್ಕೊಂದು ಘನತೆಯಿತ್ತೆಂಬುದನ್ನು ಮರೆಯಲಾಗದು. ಮಂತ್ರಾಲಯದ ಗುಮಾಸ್ತನು ಹಾಡಿನ ಸಾಹಿತ್ಯವನ್ನು ಮೊದಲೇ ಓದಿ ಒಪ್ಪಿಗೆಯ ಮುದ್ರೆಯನ್ನೊತ್ತುತ್ತಿದ್ದ ದೇಶದಲ್ಲಿ, ತನ್ನ ಜೇಬಿನ ಹಣವನ್ನು ತೆತ್ತು ಮುದ್ರಿಕೆಯನ್ನು ಕೊಂಡವನ ಆಯ್ಕೆಯು ಒಂದು ಬಗೆಯ ಸ್ವತಂತ್ರವಾದ ಮತವೇ ಆಗಿತ್ತು. ತೊಡಕೆಂದರೆ, ಆ ಲೆಕ್ಕವು ಎಂದೂ ಪೂರ್ಣವಾಗುತ್ತಿರಲಿಲ್ಲ. ಸೋಲ್ ಪಟ್ಟಣದ ಬೀದಿಗಳಲ್ಲಿ ಕೈಗಾಡಿಗಳ ಮೇಲೆ ಕಳ್ಳಪ್ರತಿಯ ಕ್ಯಾಸೆಟ್ಟುಗಳನ್ನು ಹರಡಿಕೊಂಡು, ಧ್ವನಿವರ್ಧಕದಲ್ಲಿ ಹಾಡುಗಳನ್ನು ಹಾಕಿ ಮಾರುವವರಿದ್ದರು. ಯಾವ ಹಾಡು ಗಾಡಿಗಳಿಂದ ಹೆಚ್ಚಾಗಿ ಕೇಳಿಬರುವುದೋ ಅದೇ ಊರಿನ ಹಾಡು. ಜನರು ವಿನೋದಕ್ಕಾಗಿ ಇದಕ್ಕೆ 'ಗಿಲ್‌ಬೋರ್ಡ್' ಎಂದು ಹೆಸರಿಟ್ಟರು. 'ಗಿಲ್' ಎಂದರೆ ಬೀದಿ, ಉಳಿದರ್ಧವು ಅಮೆರಿಕದ ಪ್ರಸಿದ್ಧ ಗಣನಪತ್ರಿಕೆಯಾದ ಬಿಲ್‌ಬೋರ್ಡಿನದು. ಅತ್ಯಂತ ಜನಪ್ರಿಯವಾದ ಹಾಡಿನ ಅತ್ಯಂತ ಹೆಚ್ಚಿನ ಪ್ರತಿಗಳು ಹೀಗೆ ಯಾರ ಲೆಕ್ಕಕ್ಕೂ ಸಿಕ್ಕದೆ, ಹಾಡಿದವನಿಗೆ ಒಂದು ಕಾಸೂ ಮುಟ್ಟದೆ ಹೋಗುತ್ತಿದ್ದುದುಂಟು.

ಮೊದಲ ವರ್ಷದ ದೇಸಾಂಗ್ ಚೋ ಯೊಂಗ್‌ಪಿಲನಿಗೆ ಸಂದಿತು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ೧೯೫೦ರಲ್ಲಿ ಹುಟ್ಟಿದ ಈತನೂ ಅಮೆರಿಕದ ಸೇನೆಯ ಬೀಡುಗಳಲ್ಲಿ ಗಿಟಾರು ಬಾರಿಸಿ ಬೆಳೆದವನು. ೧೯೮೦ರ ದಶಕದ ಮೊದಲರ್ಧದಲ್ಲಿ ಎಂ.ಬಿ.ಸಿ.ಯ ಗಾಯಕರಾಜನ ಪಟ್ಟವು ಹೆಚ್ಚುಕಡಿಮೆ ಈತನ ಮನೆಯ ಸೊತ್ತಾಗಿತ್ತು. ದೇಶೀಯವಾದ ಶೋಕಗೀತ, ಪಾಶ್ಚಾತ್ಯ ರಾಕ್, ಹಳ್ಳಿಯ ಜಾನಪದ, ಮಕ್ಕಳ ಹಾಡು, ಈ ಎಲ್ಲವನ್ನೂ ಆ ಒಂದೇ ಕಂಠವು ಹೊತ್ತಿತು. ಸಂಗೀತಸಭೆಗಳಲ್ಲಿ ಹುಡುಗಿಯರು ಆತನನ್ನು 'ಓಪ್ಪಾ' ಎಂದು, ಅಂದರೆ 'ಅಣ್ಣಾ' ಎಂದು ಕೂಗುತ್ತಿದ್ದರು. ಇಂದಿನ ಅಭಿಮಾನಿಗಳ ದಂಡುಗಳಿಗೆ ಅದೇ ಮೂಲವೆನ್ನಬಹುದು. ಆದರೆ ಆಶ್ಚರ್ಯಕರವಾದುದು ಆ ಬಳಿಕ ನಡೆದುದು. ಅದೇ ೧೯೮೬ರಲ್ಲಿ ಆತನು, ಇನ್ನು ಮುಂದೆ ಇಂತಹ ವರ್ಷಾಂತ್ಯದ ಬಹುಮಾನಗಳನ್ನು ತಾನು ಸ್ವೀಕರಿಸುವುದಿಲ್ಲವೆಂದು ಸಾರಿದನು. ತಾನಿರುವವರೆಗೆ ಕಿರಿಯರಿಗೆ ಸರದಿ ಬಾರದೆಂಬುದು ಆತನ ಭಾವವೆಂದು ಹೇಳುತ್ತಾರೆ. ಪ್ರಶಸ್ತಿಯ ಪರಂಪರೆಯು ತನ್ನ ಮೊದಲ ವಿಜೇತನ ನಿರಾಕರಣದೊಡನೆಯೇ ಆರಂಭವಾಯಿತೆಂಬುದನ್ನು ಅದರ ಚರಿತ್ರಕಾರರು ಒತ್ತಿ ಹೇಳುವುದಿಲ್ಲ.

೧೯೯೧ರ ದೇಸಾಂಗ್ ಒಬ್ಬ ಮೃತನಿಗೆ ಹೋಯಿತು. ಕಿಮ್ ಹ್ಯೊನ್‌ಸಿಕ್ ಎಂಬ ಗಾಯಕನು ಯಕೃತ್ತಿನ ಕಾಯಿಲೆಯಿಂದ ೧೯೯೦ರ ನವೆಂಬರ್ ೧ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಕೊನೆಯ ದಿನಗಳಲ್ಲಿ ಒಡೆದ ಧ್ವನಿಯಿಂದ ಹಾಡಿಟ್ಟಿದ್ದ ಗೀತಗಳು ಮರಣಾನಂತರ ಪ್ರಕಟವಾಗಿ ದೇಶವನ್ನೆಲ್ಲ ಅಳಿಸಿದವು. ಅದಕ್ಕೆ ಸರಿಯಾಗಿ ಮೂರು ವರ್ಷ ಹಿಂದೆ, ೧೯೮೭ರ ನವೆಂಬರ್ ೧ರಂದೇ, ಒಮ್ಮೆ ಆತನ ತಂಡದಲ್ಲಿ ನುಡಿಸಿದ್ದ ಗೆಳೆಯ ಯೂ ಜೇಹಾ ವಾಹನಾಪಘಾತದಲ್ಲಿ ಮಡಿದಿದ್ದನು. ಆಗ ಇಪ್ಪತ್ತೈದು ವರ್ಷದವನಾಗಿದ್ದ ಆತನು ಬಿಟ್ಟುಹೋದದ್ದು ಒಂದೇ ಒಂದು ಮುದ್ರಿಕೆ. ಆ ಮಗನ ಹೆಸರಿನಲ್ಲಿ ೧೯೮೯ರಿಂದ ಒಂದು ಸ್ಪರ್ಧೆಯು ಆರಂಭವಾಯಿತು. ಹೊಸಬರು ತಾವೇ ರಚಿಸಿದ ಹಾಡುಗಳನ್ನು ಅಲ್ಲಿ ಹಾಡತಕ್ಕದ್ದು. ಅಲ್ಲಿಂದ ಹೊರಟವರಲ್ಲಿ ಹಲವರು ಮುಂದೆ ದೊಡ್ಡ ಗೀತಕಾರರಾದರು. ಸುವರ್ಣಮುದ್ರಿಕೆಯ ದೀಪಗಳ ಮುಂದೆ ಇದು ಮಣ್ಣಿನ ಹಣತೆಯಂತೆ ಕಾಣುವುದಾದರೂ, ಇಲ್ಲಿ ಅಳೆಯುವುದು ಮಾರಿದುದನ್ನಲ್ಲ, ಇನ್ನೂ ಮಾರಾಟಕ್ಕೇ ಬಾರದುದನ್ನು.

ಬಲ್ಲವರ ಮಾತು ಮಾತ್ರ ಸದಾ ನಿಜವಾದೀತೇ? ೧೯೯೨ರ ವಸಂತದಲ್ಲಿ ಸೊ ತೈಜಿ ಎಂಬ ಇಪ್ಪತ್ತರ ಹುಡುಗನು ಇಬ್ಬರು ಸಂಗಡಿಗರೊಡನೆ ದೂರದರ್ಶನದ ಸಭೆಯೊಂದರಲ್ಲಿ ಹಾಡಿ ಕುಣಿದನು. ಕುಳಿತಿದ್ದ ನಾಲ್ವರು ಪಂಡಿತರು ಕೊಟ್ಟ ಅಂಕವು ಹತ್ತಕ್ಕೆ ೭.೮. ಇತರರಿಗೆ ದೊರೆಯುತ್ತಿದ್ದುದನ್ನು ನೋಡಿದರೆ ಇದು ಬಹಳ ಕಡಮೆ. ರಾಗವು ಸಾಲದು, ಸಾಹಿತ್ಯವು ಹೊಸದಲ್ಲ ಎಂದೆಲ್ಲ ಹೇಳಿದ್ದರು. ಕೆಲವು ವಾರಗಳೊಳಗೆ ಆ ಹಾಡು ಎಲ್ಲ ಗಾಡಿಗಳಿಂದಲೂ ಎಲ್ಲ ಅಂಗಡಿಗಳಿಂದಲೂ ಮೊಳಗತೊಡಗಿತು. ಆ ದೇಶದ ಗಾನದ ದಿಕ್ಕೇ ಬದಲಾಯಿತು. ಅದೇ ಸೊ ತೈಜಿಯು ೧೯೯೫ರಲ್ಲಿ, ಸರ್ಕಾರದ ಪರೀಕ್ಷಣಸಮಿತಿಯು ತನ್ನ ಗೀತವೊಂದರ ಸಾಲುಗಳನ್ನು ತಿದ್ದಬೇಕೆಂದಾಗ, ಸಾಹಿತ್ಯವನ್ನೇ ಪೂರ್ತಿಯಾಗಿ ತೆಗೆದು ಬರಿಯ ವಾದ್ಯಘೋಷವನ್ನು ಮುದ್ರಿಸಿಬಿಟ್ಟನು. ಮಾತಿಲ್ಲದ ಆ ಹಾಡು ಮಾತಿದ್ದುದಕ್ಕಿಂತ ಹೆಚ್ಚು ಮಾತನಾಡಿತು. ೧೯೯೬ರ ಜೂನ್ ತಿಂಗಳಿನಲ್ಲಿ ಧ್ವನಿಮುದ್ರಿಕೆಗಳ ಪೂರ್ವಪರೀಕ್ಷಣವು ರದ್ದಾಯಿತು. ಗುಮಾಸ್ತನ ಮುದ್ರೆಯು ಮೇಜಿನ ಡ್ರಾಯರನ್ನು ಸೇರಿತು.

ಆ ದಶಕವು ಮುದ್ರಿಕೆಯ ಸುಗ್ಗಿಕಾಲವಾಗಿತ್ತು. ೧೯೯೫ರಲ್ಲಿ ಕಿಮ್ ಗೊನ್‌ಮೊ ಎಂಬಾತನ ಮೂರನೆಯ ಸಂಗ್ರಹವು ೨೫ ಲಕ್ಷ ಪ್ರತಿಗಳಿಗೂ ಮೀರಿ ಮಾರಿತು. ಗಾಯಕರನ್ನು ಎಳೆತನದಲ್ಲಿಯೇ ಆರಿಸಿ, ವರ್ಷಗಟ್ಟಲೆ ಹಾಡುಕುಣಿತಗಳಲ್ಲಿ ಪಳಗಿಸಿ, ಗುಂಪುಗಳಾಗಿ ರಂಗಕ್ಕೆ ಬಿಡುವ ವ್ಯಾಪಾರಸಂಸ್ಥೆಗಳು ತಲೆಯೆತ್ತಿದವು. ಅಂತಹ ಮೊದಲ ಗುಂಪುಗಳಲ್ಲೊಂದಾದ ಎಚ್.ಓ.ಟಿ. ಎಂಬುದು ೧೯೯೭ರಲ್ಲಿ ದೇಸಾಂಗನ್ನು ಪಡೆಯಿತು. ೧೯೯೯ರಲ್ಲಿ ಎಂನೆಟ್ ಎಂಬ ಸಂಗೀತವಾಹಿನಿಯು ಹಾಡಿಗಿಂತಲೂ ಹಾಡಿನ ಚಿತ್ರಕ್ಕೇ ಬಹುಮಾನ ಕೊಡುವ ಇನ್ನೊಂದು ಮಹೋತ್ಸವವನ್ನು ಹೂಡಿತು. ಇದೇ ೨೦೦೯ರಲ್ಲಿ 'ಏಷ್ಯಾದ ಪ್ರಶಸ್ತಿ' ಎಂದು ಹೆಸರು ಬದಲಿಸಿಕೊಂಡು, ಮರುವರ್ಷದಿಂದ ಮಕಾವು, ಸಿಂಗಪುರ, ಹಾಂಗ್‌ಕಾಂಗ್ ಎಂದು ದೇಶಾಟನೆಗೆ ಹೊರಟು, ೨೦೨೪ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನವರೆಗೂ ಹೋಗಿಬಂದಿತು. ಸುವರ್ಣಮುದ್ರಿಕೆಯೂ ೨೦೧೨ರಲ್ಲಿ ಜಪಾನಿನ ಒಸಾಕದಲ್ಲಿ, ಮರುವರ್ಷ ಮಲೇಶಿಯಾದ ಸೆಪಾಂಗಿನ ಮೋಟಾರು ಪಂದ್ಯದ ಮೈದಾನದಲ್ಲಿ ನಡೆಯಿತು. ಕೊರಿಯಾದವರ ಪ್ರಶಸ್ತಿಯನ್ನು ಕಾಣಲು ಕೊರಿಯಾದವರು ಹಡಗನ್ನೋ ವಿಮಾನವನ್ನೋ ಏರಬೇಕಾಯಿತೆಂದು ಅಲ್ಲಿಯವರೇ ಆಡಿಕೊಂಡರು.

ಸುವರ್ಣಮುದ್ರಿಕೆಗೆ ನಿಜವಾದ ಸಂಕಟವು ಬಂದುದು ಬೇರೆ ಕಡೆಯಿಂದ. ೨೦೦೦ದಲ್ಲಿ 'ಸೊರಿಬಾದಾ', ಅಂದರೆ 'ಧ್ವನಿಸಾಗರ', ಎಂಬ ವ್ಯವಸ್ಥೆಯು ಅಂತರ್ಜಾಲದಲ್ಲಿ ತೆರೆಯಿತು. ಇಬ್ಬರು ಸೋದರರು ನಿರ್ಮಿಸಿದ ಆ ಸಾಗರದಲ್ಲಿ ಯಾರು ಬೇಕಾದರೂ ಯಾರ ಹಾಡನ್ನಾದರೂ ಬಿಟ್ಟಿಯಾಗಿ ಮೊಗೆದುಕೊಳ್ಳಬಹುದಾಗಿತ್ತು. ೨೦೦೨ರಲ್ಲಿ ನ್ಯಾಯಾಲಯವು ಅದಕ್ಕೆ ತಡೆಯೊಡ್ಡಿತಾದರೂ ಅಷ್ಟರಲ್ಲಿ ಕೇಳುವವರ ಅಭ್ಯಾಸವು ಬದಲಾಗಿಹೋಗಿತ್ತು. ಮೂಲೆಮೂಲೆಗಳ ಮುದ್ರಿಕೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ೨೦೦೧ರ ಬಳಿಕ ಹನ್ನೆರಡು ವರ್ಷಗಳ ಕಾಲ ಆ ದೇಶದಲ್ಲಿ ಯಾವ ಸಂಗ್ರಹವೂ ಹತ್ತು ಲಕ್ಷ ಪ್ರತಿಗಳನ್ನು ಮುಟ್ಟಲಿಲ್ಲ. ವಿಧಿಯ ವಿನೋದವೆಂದರೆ, ಆ ಉದ್ದನೆಯ ಹಳೆಯ ಹೆಸರನ್ನು ಬಿಟ್ಟು 'ಗೋಲ್ಡನ್ ಡಿಸ್ಕ್' ಎಂಬ ಹೆಸರನ್ನು ಧರಿಸಿದುದು ಇದೇ ೨೦೦೧ರಲ್ಲಿ. ಮುದ್ರಿಕೆಯು ಕಣ್ಮರೆಯಾಗತೊಡಗಿದ ವರ್ಷವೇ ಅದು ಪ್ರಶಸ್ತಿಯ ಹೆಸರಾಯಿತು. ತರುವಾಯ ಮುದ್ರಿಕೆಗೊಂದು, ಅಂತರ್ಜಾಲದಲ್ಲಿ ಕೇಳಿದ ಹಾಡಿಗೊಂದು ಎಂದು ದೇಸಾಂಗನ್ನೇ ಎರಡಾಗಿ ಸೀಳಬೇಕಾಯಿತು. ಪ್ರಸಾರ ಸಂಸ್ಥೆಗಳಾದರೋ ೨೦೦೫-೦೭ರ ಸುಮಾರಿನಲ್ಲಿ ಒಂದರ ಹಿಂದೊಂದರಂತೆ ವರ್ಷಾಂತ್ಯದ ಬಹುಮಾನಗಳನ್ನೇ ಕೈಬಿಟ್ಟು, ಸುಮ್ಮನೆ ಹಾಡುವ ಹಬ್ಬಗಳನ್ನು ಮಾತ್ರ ಉಳಿಸಿಕೊಂಡವು. ಬಂದವರಿಗೆ ಮಾತ್ರ ಬಹುಮಾನವೆಂಬ ಅಪವಾದವು ಎಲ್ಲ ಸಭೆಗಳನ್ನೂ ಕಾಡುತ್ತಿತ್ತು. ಜನರು ಅದಕ್ಕೆ 'ಹಾಜರಿ ಪ್ರಶಸ್ತಿ' ಎಂದು ಹೆಸರಿಟ್ಟಿದ್ದರು. ಒಲ್ಲದ ಸಭೆಗೆ ತಮ್ಮ ಗಾಯಕರನ್ನು ಕಳುಹಿಸದೆ ದೊಡ್ಡ ವ್ಯಾಪಾರಸಂಸ್ಥೆಗಳು ಮುನಿಸು ತೋರಿದುದೂ ಉಂಟು.

ಸತ್ತಿತೆಂದುಕೊಂಡ ಮುದ್ರಿಕೆಯು ಮತ್ತೆ ಎದ್ದು ಕುಳಿತುದು ಈ ಕಥೆಯ ಅತ್ಯಂತ ವಿಚಿತ್ರವಾದ ಭಾಗವಾಗಿದೆ. ೨೦೧೩ರಲ್ಲಿ ಎಕ್ಸೋ ಎಂಬ ಗುಂಪಿನ ಸಂಗ್ರಹವು ಹತ್ತು ಲಕ್ಷವನ್ನು ದಾಟಿತು. ೨೦೨೩ರಲ್ಲಿ ಸೆವೆಂಟೀನ್ ಎಂಬ ಗುಂಪಿನ ಒಂದೇ ಸಂಗ್ರಹವು ೬೦ ಲಕ್ಷವನ್ನು ಮೀರಿತು. ಆ ವರ್ಷ ಎಲ್ಲ ಸಂಗ್ರಹಗಳ ಒಟ್ಟು ಮಾರಾಟವು ಮೊದಲ ಬಾರಿಗೆ ೧೦ ಕೋಟಿಯ ಗಡಿಯನ್ನು ದಾಟಿತು. ದೇಶದ ಜನಸಂಖ್ಯೆಯೇ ಐದು ಕೋಟಿಯಷ್ಟು! ಪರದೇಶಗಳ ಕೊಳ್ಳುಗರೂ ಇದರಲ್ಲಿ ಸೇರಿರುವರು, ನಿಜ. ಆದರೆ ಕಾರಣವು ಅದೊಂದೇ ಅಲ್ಲ. ಪ್ರತಿಯೊಂದು ಪೆಟ್ಟಿಗೆಯಲ್ಲಿ ಗುಂಪಿನ ಯಾರಾದರೊಬ್ಬರ ಭಾವಚಿತ್ರದ ಚೀಟಿಯನ್ನು ಇಟ್ಟಿರುತ್ತಾರೆ. ಯಾರದೆಂಬುದು ತೆರೆಯುವವರೆಗೆ ತಿಳಿಯದು. ಬೇಕಾದವನ ಚಿತ್ರವು ದೊರೆಯುವವರೆಗೂ ಕೊಳ್ಳುತ್ತ ಹೋಗುವವರಿದ್ದಾರೆ. ಗಾಯಕರನ್ನು ಎದುರಿಗೆ ಕಂಡು ಹಸ್ತಾಕ್ಷರ ಪಡೆಯುವ ಭಾಗ್ಯಕ್ಕೂ ಚೀಟಿಯೆತ್ತುವ ಕ್ರಮವಿದ್ದು, ಹೆಚ್ಚು ಕೊಂಡವರಿಗೆ ಹೆಚ್ಚು ಚೀಟಿಗಳು. ಇದರ ಮೇಲೆ ತಮ್ಮ ಪ್ರಿಯರಿಗೆ ದೇಸಾಂಗ್ ಬರಲೆಂಬ ಹಂಬಲ. ಒಬ್ಬಳೇ ಹುಡುಗಿಯು ನೂರು ಪ್ರತಿಗಳನ್ನು ಕೊಂಡು, ಚೀಟಿಗಳನ್ನು ತೆಗೆದುಕೊಂಡು, ಸೀಡಿಗಳನ್ನು ಹಾಗೆಯೇ ಬಿಟ್ಟುಹೋಗುವ ಸ್ಥಿತಿಯುಂಟಾಯಿತು. ಅವುಗಳನ್ನು ಹಾಕಿ ಕೇಳುವ ಯಂತ್ರವೇ ಎಷ್ಟೋ ಮನೆಗಳಲ್ಲಿಲ್ಲ. ಈ ಸರಕಿಗಾಗಿ ವ್ಯಾಪಾರಸಂಸ್ಥೆಗಳು ಬಳಸಿದ ಪ್ಲಾಸ್ಟಿಕ್ಕು ೨೦೧೭ರಲ್ಲಿ ೫೬ ಟನ್ನಿನಷ್ಟಿದ್ದುದು ೨೦೨೨ರಲ್ಲಿ ೮೦೦ ಟನ್ನನ್ನು ಮೀರಿತು. ಇದನ್ನು ಪ್ರತಿಭಟಿಸಿ ಸಂಸ್ಥೆಗಳ ಬಾಗಿಲಿಗೆ ಹಳೆಯ ಸಂಗ್ರಹಗಳನ್ನು ಹೊತ್ತು ತಂದವರೂ ಅಭಿಮಾನಿಗಳೇ ಆಗಿದ್ದರೆಂಬುದು ಆ ತರುಣರ ಹಿರಿಮೆ.

ಒಮ್ಮೆ ಸ್ವತಂತ್ರವಾದ ಮತದಂತಿದ್ದ ಮಾರಾಟದ ಲೆಕ್ಕವು ಹೀಗೆ ಪ್ರೀತಿಯ ಸುಂಕವಾಯಿತು. ಪ್ರೀತಿಯೂ ಇಲ್ಲದೆ, ಬರಿಯ ಹಣದ ಬಲದಿಂದ ತಮ್ಮ ಹಾಡನ್ನು ತಾವೇ ಕೊಂಡು ಪಟ್ಟಿಯ ಮೇಲಕ್ಕೇರಿಸುವ ಕುತಂತ್ರವೂ ಇತ್ತು. ಅಲ್ಲಿ ಇದಕ್ಕೆ 'ಸಾಜೆಗಿ' ಎನ್ನುವರು. ಧಾನ್ಯವನ್ನು ಕೂಡಿಟ್ಟು ಬೆಲೆಯೇರಿಸುವ ವರ್ತಕರಿಗೆ ಸಲ್ಲುತ್ತಿದ್ದ ಶಬ್ದವಿದು. ೨೦೧೩ರಲ್ಲಿ ನಾಲ್ಕು ದೊಡ್ಡ ಸಂಸ್ಥೆಗಳು ಇದನ್ನು ತನಿಖೆ ಮಾಡಬೇಕೆಂದು ಸರ್ಕಾರದ ವಕೀಲರಲ್ಲಿ ಮೊರೆಯಿಟ್ಟವು. ೨೦೧೬ರಲ್ಲಿ ಇದನ್ನು ಅಪರಾಧವೆಂದು ಸಾರುವ ಕಾನೂನು ಜಾರಿಗೆ ಬಂದಿತು. ಜನಮತವನ್ನು ಎಣಿಸುವ ಕ್ರಮಕ್ಕೂ ಕಳಂಕವು ತಟ್ಟದೆ ಹೋಗಲಿಲ್ಲ. ಎಂನೆಟ್ ವಾಹಿನಿಯು ವೀಕ್ಷಕರ ಮತಗಳಿಂದಲೇ ಗಾಯಕರ ಗುಂಪುಗಳನ್ನು ಆರಿಸುವ ಸ್ಪರ್ಧೆಗಳನ್ನು ನಡೆಸಿತ್ತು. ಎಣಿಕೆಯನ್ನು ತಿದ್ದಲಾಗಿತ್ತೆಂದು ೨೦೧೯ರಲ್ಲಿ ಬಯಲಾಗಿ, ಮರುವರ್ಷ ಅದರ ನಿರ್ಮಾಪಕರಿಗೆ ಸೆರೆವಾಸದ ಶಿಕ್ಷೆಯಾಯಿತು.

ಲೆಕ್ಕವನ್ನೇ ನೆಚ್ಚದ ಒಂದು ಪ್ರಶಸ್ತಿಯು ಇಷ್ಟರಲ್ಲಿ ಹುಟ್ಟಿಕೊಂಡಿತ್ತು. ೨೦೦೪ರಲ್ಲಿ ವಿಮರ್ಶಕರು, ಪತ್ರಕರ್ತರು, ಪ್ರಸಾರದವರು, ವಿದ್ವಾಂಸರು ಕೂಡಿ 'ಕೊರಿಯಾ ಜನಪ್ರಿಯಸಂಗೀತ ಪ್ರಶಸ್ತಿ'ಯನ್ನು ಸ್ಥಾಪಿಸಿದರು. ವಿಶ್ವವಿದ್ಯಾಲಯದ ಅಧ್ಯಾಪಕ ಕಿಮ್ ಚಾಂಗ್‌ನಾಮ್ ಇದರ ಆಯ್ಕೆಯ ಸಮಿತಿಗೆ ಅಧ್ಯಕ್ಷರಾಗಿದ್ದರು. ಎಷ್ಟು ಮಾರಿತೆಂದು ಇವರು ಕೇಳುವುದಿಲ್ಲ, ಹಾಡನ್ನು ಕೇಳುತ್ತಾರೆ. ಸಂಸ್ಕೃತದ ಆಲಂಕಾರಿಕರು ಕಾವ್ಯದ ಬೆಲೆಯನ್ನು ಬಲ್ಲವನಿಗೆ 'ಸಹೃದಯ'ನೆಂದು ಹೆಸರಿಟ್ಟು, ಕಾವ್ಯಾಭ್ಯಾಸದಿಂದ ಮನಸ್ಸೆಂಬ ಕನ್ನಡಿಯನ್ನು ತಿಳಿಯಾಗಿಸಿಕೊಂಡವನೇ ಆತನೆಂದರು. ಸೋಲ್ ಪಟ್ಟಣದ ಈ ಸಮಿತಿಯು ಹುಡುಕಿಕೊಂಡು ಹೊರಟುದು ಅಂತಹ ಕನ್ನಡಿಯನ್ನೇ. ಜನಪ್ರಿಯತೆಯು ಅವರಿಗೆ ದೋಷವೂ ಅಲ್ಲ. ೨೦೧೮ರಲ್ಲಿ ಜಗತ್ಪ್ರಸಿದ್ಧವಾದ ಬಿ.ಟಿ.ಎಸ್. ಗುಂಪನ್ನೇ ವರ್ಷದ ಸಂಗೀತಗಾರರೆಂದು ಅವರು ಆರಿಸಿದರು. ಆದರೆ ಕನ್ನಡಿಗೂ ಎಣ್ಣೆಬತ್ತಿಯ ಖರ್ಚಿದೆ. ೨೦೦೯ರಲ್ಲಿ ಮಂತ್ರಾಲಯವು ಸಹಾಯಧನವನ್ನು ಹಠಾತ್ತಾಗಿ ನಿಲ್ಲಿಸಿದುದರಿಂದ ಸಭೆಯನ್ನೇ ಮುಂದಕ್ಕೆ ಹಾಕಬೇಕಾಯಿತು. ಗೆದ್ದವರಿಗೆ ಕೊಡಲು ಹಣವಂತೂ ಮೊದಲಿನಿಂದಲೂ ಇರಲಿಲ್ಲ, ಪ್ರತಿಮೆಯೊಂದೇ ಬಹುಮಾನ.

೨೦೧೭ರ ಫೆಬ್ರವರಿ ೨೮ರಂದು ಈ ಸಭೆಯಲ್ಲಿ ಲಾಂಗ್ ಲೀ ಎಂಬ ಗಾಯಕಿಗೆ ವರ್ಷದ ಉತ್ತಮ ಜಾನಪದಶೈಲಿಯ ಗೀತಕ್ಕಾಗಿ ಪ್ರಶಸ್ತಿಯು ಬಂದಿತು. ವೇದಿಕೆಯನ್ನೇರಿದ ಆಕೆ ಕೃತಜ್ಞತೆಯ ಮಾತುಗಳ ಬದಲಿಗೆ ತನ್ನ ಆದಾಯವನ್ನು ಓದಿ ಹೇಳಿದಳು: ಜನವರಿಯಲ್ಲಿ ೪ ಲಕ್ಷ ೨೦ ಸಾವಿರ ವಾನ್, ಫೆಬ್ರವರಿಯಲ್ಲಿ ೯ ಲಕ್ಷ ೬೦ ಸಾವಿರ. ಸೋಲ್ ಪಟ್ಟಣದಲ್ಲಿ ಒಬ್ಬರ ಹೊಟ್ಟೆಬಟ್ಟೆಗೂ ಸಾಲದ ಹಣವಿದು. ಪ್ರಶಸ್ತಿಯೊಡನೆ ಹಣವಿಲ್ಲದುದರಿಂದ ಇದನ್ನು ಇಲ್ಲಿಯೇ ಮಾರುವುದಾಗಿ ಹೇಳಿ, ತನ್ನ ಮನೆಯ ಬಾಡಿಗೆಯಾದ ೫ ಲಕ್ಷ ವಾನಿನಿಂದ ಹರಾಜನ್ನು ಕೂಗಿದಳು. ಮೊದಲು ಎಲ್ಲರೂ ನಕ್ಕರು. ಸಭೆಯಲ್ಲಿದ್ದ ಒಬ್ಬರು ಎದ್ದು ಬಂದು ನಗದು ಹಣವನ್ನು ಎಣಿಸಿ ಕೊಟ್ಟು ಪ್ರತಿಮೆಯನ್ನು ತೆಗೆದುಕೊಂಡರು. ತನಗೆ ಗೌರವವೂ ದೊರೆಯಿತು, ಬಾಡಿಗೆಯ ಹಣವೂ ದೊರೆಯಿತು ಎಂಬರ್ಥದ ಮಾತನ್ನಾಡಿ ಆಕೆ ಇಳಿದು ಹೋದಳು. ಸಭಾಮರ್ಯಾದೆಯ ಭಂಗವಾಯಿತೆಂದು ಬೈದವರಿದ್ದರು. ಸಹೃದಯರು ಕಟ್ಟಿದ ಬೆಲೆಗೂ ಮನೆಯೊಡೆಯನು ಕೇಳುವ ಬೆಲೆಗೂ ನಡುವಿನ ಅಂತರವನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲವೆಂದವರೂ ಇದ್ದರು. ಎರಡನೆಯವರ ಮಾತೇ ನ್ಯಾಯವಾದುದೆಂದು ತೋರುತ್ತದೆ.

ಅದೇ ವರ್ಷದ ಡಿಸೆಂಬರ್ ೧೮ರಂದು ಶೈನಿ ಎಂಬ ಪ್ರಸಿದ್ಧ ಗುಂಪಿನ ಚೊಂಗ್‌ಹ್ಯೊನ್ ಎಂಬ ಗಾಯಕನು ಇಪ್ಪತ್ತೇಳರ ಹರೆಯದಲ್ಲಿ ತನ್ನ ಜೀವವನ್ನು ತಾನೇ ತೆಗೆದುಕೊಂಡನು. ಆತನಿಗೆ ಬಾಡಿಗೆಯ ಚಿಂತೆಯಿರಲಿಲ್ಲ. ಬಹುಮಾನಗಳ ಕೊರತೆಯೂ ಇರಲಿಲ್ಲ. ಕೆಲವೇ ವಾರಗಳ ತರುವಾಯ, ೨೦೧೮ರ ಜನವರಿಯಲ್ಲಿ, ಸುವರ್ಣಮುದ್ರಿಕೆಯ ಸಭೆ ಸೇರಿತು. ಅಂತರ್ಜಾಲದ ವಿಭಾಗದ ದೇಸಾಂಗ್ ಐ.ಯು. ಎಂಬ ಗಾಯಕಿಗೆ ಬಂದಿತು. ಹದಿನೈದನೆಯ ವಯಸ್ಸಿನಿಂದ ರಂಗದ ಮೇಲಿದ್ದ ಆಕೆಗೆ ಆತನು ಗೆಳೆಯನಾಗಿದ್ದನು. ತಾನು ಇನ್ನೂ ದುಃಖದಲ್ಲಿರುವುದನ್ನು ಆಕೆ ಮುಚ್ಚಿಡಲಿಲ್ಲ. ಜನರನ್ನು ಸಂತೋಷಪಡಿಸುವುದೇ ಕಸುಬಾದವರು ದುಃಖವಾದಾಗ ಅಳುವುದು, ಹಸಿವಾದಾಗ ಬಳಲುವುದು, ಕಾಯಿಲೆಯಾದಾಗ ಕೆಲಸದಲ್ಲಿ ಕುಂದುವುದು, ಇವೆಲ್ಲ ಸಹಜವೆಂದು ಎಲ್ಲರೂ ಒಪ್ಪುವಂತಾಗಬೇಕು. ಇತರರನ್ನು ಸಂತೈಸಲು ಹೋಗಿ ತಮ್ಮೊಳಗೇ ಸವೆದುಹೋಗುವಂತಾಗಬಾರದು ಎಂಬುದು ಆಕೆಯ ಮಾತಿನ ಸಾರಾಂಶವಾಗಿತ್ತು. ಮುಂದೆ ಕುಳಿತಿದ್ದ ಎಳೆಯ ಗಾಯಕರಲ್ಲಿ ಅನೇಕರು ಕಣ್ಣೊರಸಿಕೊಂಡರು. ಮೂರು ದಶಕಗಳಿಂದ ಮಾರಾಟದ ಲೆಕ್ಕವನ್ನು ಓದಿದ್ದ ಆ ವೇದಿಕೆಯಿಂದ ಹಾಡುವವನ ಆಯುಸ್ಸಿನ ಮಾತು ಅಷ್ಟು ಸ್ಪಷ್ಟವಾಗಿ ಕೇಳಿದುದು ಅಪರೂಪ.

ಪ್ರತಿಮೆಯನ್ನು ಮಾರಿದ ಲಾಂಗ್ ಲೀಗೆ ೨೦೨೨ರಲ್ಲಿ ವಿಮರ್ಶಕರ ಅದೇ ಸಭೆಯು ವರ್ಷದ ಶ್ರೇಷ್ಠ ಸಂಗ್ರಹದ ಪ್ರಶಸ್ತಿಯನ್ನು ಕೊಟ್ಟಿತು. ಆ ಸಂಗ್ರಹದ ಹೆಸರಿನ ಅರ್ಥವು 'ತೋಳ ಬಂದಿದೆ' ಎಂದು. ಬಡವರು ರೊಟ್ಟಿಯನ್ನು ಕೇಳಿದರೆ ಉಳ್ಳವರು ಅವರನ್ನು ತೋಳಗಳೆಂದು ಕರೆಯುವ ಹಾಡು ಅದರಲ್ಲಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ, ಪಾಕ್ ಚುಂಗ್‌ಹೀಯ ಆಳ್ವಿಕೆಯ ವಿರುದ್ಧ ೧೯೭೯ರಲ್ಲಿ ಬೂಸಾನ್ ಮತ್ತು ಮಾಸಾನ್ ಪಟ್ಟಣಗಳ ಜನರು ಎದ್ದುನಿಂತುದನ್ನು ಸ್ಮರಿಸುವ ಸರ್ಕಾರಿ ಸಮಾರಂಭಕ್ಕೆ ಆಕೆಯನ್ನು ಹಾಡಲು ಕರೆದಿದ್ದರು. ಸಮಾರಂಭವು ಹತ್ತಿರ ಬಂದಾಗ, ಆ ತೋಳದ ಹಾಡನ್ನು ಬಿಟ್ಟು ಬೇರೆಯದನ್ನು ಹಾಡಬೇಕೆಂಬ ಸೂಚನೆಯು ಬಂದಿತು. ಆಕೆ ಒಪ್ಪಲಿಲ್ಲ. ಕಾರ್ಯಕ್ರಮದ ಪಟ್ಟಿಯಿಂದ ಆಕೆಯ ಹೆಸರು ಹೊರಬಿದ್ದಿತು. ಆ ದಿನ ವೇದಿಕೆಯ ಮೇಲೆ ಬೇರೊಬ್ಬರು ಹಾಡಿದರು.